ಅಮೆರಿಕದ ಕಾಲೇಜುಗಳಲ್ಲಿ ಪುರುಷರ ಟೆನಿಸ್ ಕೋಚ್ ಆಗುವ ದಾರಿ: ಮೊದಲ ಕೆಲಸ ಎಲ್ಲಿ ಹಿಡಿಯಬೇಕು?

ಮಲ್ಲಿಗೆ_ಮೈಸೂರು:

ಎಲ್ಲರಿಗೂ ನಮಸ್ಕಾರ. ತಮ್ಮನಿಗಾಗಿ ಕೇಳುತ್ತಿದ್ದೇನೆ. ಕನ್ಸಾಸ್‌ನ ಒಂದು ಡಿವಿಜನ್ 2 (ಕಾಲೇಜು ಕ್ರೀಡೆಯ ಮೂರು ದರ್ಜೆಗಳಲ್ಲಿ ಎರಡನೆಯದು, ಡಿವಿಜನ್ 1 ಎಲ್ಲಕ್ಕಿಂತ ಮೇಲಿನದು) ಕಾಲೇಜಿನಲ್ಲಿ ಎಕ್ಸರ್‌ಸೈಸ್ ಸೈನ್ಸ್ ಓದುತ್ತಿದ್ದಾನೆ, ಕೊನೆಯ ವರ್ಷ. ತಂಡದಲ್ಲಿ ನಂಬರ್ 3 ಸಿಂಗಲ್ಸ್ ಆಡುತ್ತಾನೆ, ಯುಟಿಆರ್ (ಪಂದ್ಯಗಳ ಫಲಿತಾಂಶದಿಂದ ಆಟದ ಮಟ್ಟ ಅಳೆಯುವ ಸಂಖ್ಯೆ) 11ರ ಆಸುಪಾಸು. ಪ್ರೊ ಆಗುವ ಯೋಚನೆ ಬಿಟ್ಟಿದ್ದಾನೆ, ಕಾಲೇಜು ಪುರುಷರ ತಂಡಕ್ಕೆ ಕೋಚ್ ಆಗಬೇಕೆಂದು ಗಟ್ಟಿ ಮನಸ್ಸು ಮಾಡಿದ್ದಾನೆ.

ಈಗ ಎರಡು ಕಡೆ ಮಾತುಕತೆ ನಡೆದಿದೆ. ಒಂದು, ಹೆಸರಾದ ಡಿವಿಜನ್ 1 ತಂಡದಲ್ಲಿ "ಆಪರೇಷನ್ಸ್" ಹುದ್ದೆ, ಅಂದರೆ ತಂಡದ ವ್ಯವಸ್ಥೆ ನೋಡಿಕೊಳ್ಳುವ ಕೆಲಸ. ಇನ್ನೊಂದು, ಯಾರಿಗೂ ಅಷ್ಟಾಗಿ ಗೊತ್ತಿಲ್ಲದ ಡಿವಿಜನ್ 3 ಕಾಲೇಜಿನಲ್ಲಿ ಅಸಿಸ್ಟೆಂಟ್ ಕೋಚ್, ಪುರುಷರ ತಂಡ ಮತ್ತು ಮಹಿಳೆಯರ ತಂಡ ಎರಡೂ ಸೇರಿ. ಮನೆಯಲ್ಲಿ ಎಲ್ಲರೂ ದೊಡ್ಡ ಹೆಸರಿನ ಕಡೆಗೇ ವಾಲುತ್ತಿದ್ದಾರೆ.

ಆಟಗಾರನಾಗಿ ಅಷ್ಟೇನೂ ಮೇಲೆ ಹೋಗದಿದ್ದವನಿಗೆ ಈ ಕ್ಷೇತ್ರದಲ್ಲಿ ಜಾಗ ಇದೆಯೇ? ಈ ಎರಡರಲ್ಲಿ ಯಾವುದು ಸರಿ? ಕೋಚ್‌ಗೆ ದಿನವಿಡೀ ಇರುವ ಕೆಲಸ ಯಾವುದು? ವೀಸಾ ಗತಿ ಏನು? ತಿಳಿದವರು ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ.

---

ಬೇಸ್‌ಲೈನ್_ಶಿವು:

ಮೊದಲ ಪ್ರಶ್ನೆಗೆ ಉತ್ತರ: ಖಂಡಿತ ಇದೆ. ಸ್ಟ್ಯಾನ್‌ಫರ್ಡ್‌ನ ಡಿಕ್ ಗೌಲ್ಡ್ ಅವರನ್ನೇ ನೋಡಿ. ಅಲ್ಲಿಗೆ ಬರುವ ಮುಂಚೆ ಹೈಸ್ಕೂಲಿನಲ್ಲಿ, ಆಮೇಲೆ ಫುಟ್‌ಹಿಲ್ ಎಂಬ ಎರಡು ವರ್ಷದ ಕಾಲೇಜಿನಲ್ಲಿ ಕೋಚ್ ಆಗಿದ್ದವರು. 1966ರಲ್ಲಿ ಸ್ಟ್ಯಾನ್‌ಫರ್ಡ್ ಸೇರಿದರು, ಮೊದಲ ರಾಷ್ಟ್ರೀಯ ತಂಡ ಪ್ರಶಸ್ತಿ ಬಂದದ್ದು 1973ರಲ್ಲಿ. 2004ರಲ್ಲಿ ನಿವೃತ್ತರಾಗುವಾಗ 17 ಪ್ರಶಸ್ತಿ ಗೆದ್ದಿದ್ದರು.

ಇದಕ್ಕೆ ತದ್ವಿರುದ್ಧ ಬ್ರಯಾನ್ ಶೆಲ್ಟನ್. ಆಟಗಾರನಾಗಿ ವಿಶ್ವದ 55ನೇ ಸ್ಥಾನದವರೆಗೆ ಹೋದವರು. ಆದರೂ ಮುಖ್ಯ ಕೋಚ್ ಆಗಿ ಮೊದಲು ಹಿಡಿದದ್ದು ಜಾರ್ಜಿಯಾ ಟೆಕ್‌ನ ಮಹಿಳೆಯರ ತಂಡ. 2007ರಲ್ಲಿ ಆ ತಂಡಕ್ಕೆ ರಾಷ್ಟ್ರೀಯ ಪ್ರಶಸ್ತಿ ತಂದರು, 2021ರಲ್ಲಿ ಫ್ಲಾರಿಡಾ ಪುರುಷರ ತಂಡಕ್ಕೂ ತಂದರು. ಡಿವಿಜನ್ 1ರಲ್ಲಿ ಎರಡೂ ಕಡೆ ತಂಡ ಪ್ರಶಸ್ತಿ ಗೆದ್ದ ಕೋಚ್ ಅವರೊಬ್ಬರೇ. "ನನಗೆ ಪುರುಷರ ತಂಡವೇ ಬೇಕು" ಎಂದು ನಿಮ್ಮ ತಮ್ಮ ಈಗಲೇ ಹಟ ಹಿಡಿಯದಿರಲಿ ಎಂದು ಇದನ್ನು ಹೇಳುತ್ತಿದ್ದೇನೆ. ಚಿಕ್ಕ ಕಾಲೇಜುಗಳಲ್ಲಿ ಎರಡೂ ತಂಡಗಳಿಗೆ ಒಬ್ಬರೇ ಮುಖ್ಯ ಕೋಚ್ ಇರುವುದು ಮಾಮೂಲು.

ಮುಖ್ಯ ಕೋಚ್ ಕುರ್ಚಿ ಸುಲಭಕ್ಕೆ ಖಾಲಿಯಾಗುವುದಿಲ್ಲ. ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿ 1955ರಿಂದ 1988ರವರೆಗೆ ಡ್ಯಾನ್ ಮ್ಯಾಗಿಲ್, ಅಲ್ಲಿಂದ 2024ರವರೆಗೆ ಮ್ಯಾನುಯೆಲ್ ಡಿಯಾಜ್. 69 ವರ್ಷಕ್ಕೆ ಇಬ್ಬರೇ! ಡಿಯಾಜ್ ಅದೇ ತಂಡದಲ್ಲಿ ಆಡಿ, 1982ರಿಂದ ಅಸಿಸ್ಟೆಂಟ್ ಆಗಿ ಕಾದು ಮೇಲೆ ಬಂದವರು. ಅವರ ನಂತರ ಬಂದ ಜೇಮೀ ಹಂಟ್ ಕೂಡ ಅವರ ಕೈಕೆಳಗಿನ ಅಸೋಸಿಯೇಟ್ ಹೆಡ್ ಕೋಚೇ. ಡಿವಿಜನ್ 1ರಲ್ಲಿ ಮೇಲೇರುವ ಮೆಟ್ಟಿಲು ಬಹುಮಟ್ಟಿಗೆ ಹೀಗೆಯೇ: ಗ್ರ್ಯಾಜುಯೇಟ್ ಅಸಿಸ್ಟೆಂಟ್ (ಮಾಸ್ಟರ್ಸ್ ಓದುತ್ತಾ ಕೋಚ್‌ಗೆ ನೆರವಾಗುವವನು), ಅಸಿಸ್ಟೆಂಟ್, ಅಸೋಸಿಯೇಟ್ ಹೆಡ್, ಹೆಡ್. ಅಥವಾ ಚಿಕ್ಕ ಕಾಲೇಜಿನಲ್ಲಿ ಬೇಗ ಹೆಡ್ ಆಗಿ, ಅಲ್ಲಿಂದ ದೊಡ್ಡದಕ್ಕೆ ಜಿಗಿಯುವುದು. ವರ್ಜೀನಿಯಾಗೆ 2013ರಿಂದ 2017ರ ನಡುವೆ ನಾಲ್ಕು ಪ್ರಶಸ್ತಿ ತಂದ ಬ್ರಯಾನ್ ಬೋಲಂಡ್ ಮೊದಲು ಇಂಡಿಯಾನಾ ಸ್ಟೇಟ್‌ನಲ್ಲಿದ್ದರು. ನಮ್ಮ ಸೋಮ್‌ದೇವ್ ದೇವ್‌ವರ್ಮನ್ 2007, 2008 ಎರಡು ವರ್ಷ ಸತತವಾಗಿ ರಾಷ್ಟ್ರೀಯ ಸಿಂಗಲ್ಸ್ ಗೆದ್ದದ್ದು ಅವರ ಕೈಯಲ್ಲೇ. 2007ರ ಫೈನಲ್‌ನಲ್ಲಿ ಎದುರಾಳಿ ಜಾನ್ ಇಸ್ನರ್, ಅದೂ ಇಸ್ನರ್ ಅವರದೇ ಕಾಲೇಜಿನ ಅಂಗಳದಲ್ಲಿ.

ಇನ್ನು ದಿನದ ಕೆಲಸ. ಚೆಂಡು ಹೊಡೆಸುವುದೇ ಕೋಚ್ ಕೆಲಸ ಎಂದುಕೊಂಡು ಬಂದವರು ಮೊದಲ ವರ್ಷವೇ ಸುಸ್ತಾಗುತ್ತಾರೆ. ಎನ್‌ಸಿಎಎ (ಕಾಲೇಜು ಕ್ರೀಡೆಗಳನ್ನು ನಡೆಸುವ ರಾಷ್ಟ್ರೀಯ ಸಂಘ) ನಿಯಮದ ಪ್ರಕಾರ ಸೀಸನ್‌ನಲ್ಲಿ ಆಟಗಾರನನ್ನು ವಾರಕ್ಕೆ 20 ಗಂಟೆ, ದಿನಕ್ಕೆ 4 ಗಂಟೆ ಮಾತ್ರ ಬಳಸಿಕೊಳ್ಳಬಹುದು, ವಾರದಲ್ಲಿ ಒಂದು ದಿನ ಪೂರ್ತಿ ರಜೆ. ಸೀಸನ್ ಮುಗಿದ ಮೇಲೆ ವಾರಕ್ಕೆ 8 ಗಂಟೆ. ಪಂದ್ಯ ಐದು ಗಂಟೆ ಎಳೆದರೂ ಲೆಕ್ಕದಲ್ಲಿ 3 ಗಂಟೆಯೇ. ಶುಕ್ರವಾರ ಮತ್ತು ಭಾನುವಾರ ಪಂದ್ಯವಿರುವ ವಾರವನ್ನು ಕಾಗದದ ಮೇಲೆ ಹೀಗೆ ಕೂಡಿಸಿ:

ಸೋಮವಾರ ರಜೆ. ಮಂಗಳವಾರ ಕೋರ್ಟ್ ಎರಡೂವರೆ ಗಂಟೆ, ಜಿಮ್ ಒಂದು ಗಂಟೆ. ಬುಧವಾರವೂ ಅಷ್ಟೇ. ಗುರುವಾರ ಎರಡೂವರೆ. ಶುಕ್ರವಾರ ಪಂದ್ಯ, 3. ಶನಿವಾರ ಒಂದೂವರೆ. ಭಾನುವಾರ ಪಂದ್ಯ, 3. ಒಟ್ಟು 17. ಉಳಿದ 3 ಗಂಟೆಯಲ್ಲಿ ಒಬ್ಬೊಬ್ಬರ ಸರ್ವ್ ತಿದ್ದುವುದು, ವಿಡಿಯೊ ಕೂರಿಸಿ ತೋರಿಸುವುದು, ಟೀಮ್ ಮೀಟಿಂಗ್, ಎಲ್ಲವೂ ಮುಗಿಯಬೇಕು. ವಿಡಿಯೊ ನೋಡುವುದೂ ಈ 20ರೊಳಗೇ ಬರುತ್ತದೆ ಎನ್ನುವುದನ್ನು ಹೊಸ ಕೋಚ್‌ಗಳು ಮರೆಯುತ್ತಾರೆ. ಇನ್ನೊಂದು ಕಡೆ ಎಡವುವುದು "ಸ್ವಇಚ್ಛೆಯ ಪ್ರ್ಯಾಕ್ಟೀಸ್" ವಿಷಯದಲ್ಲಿ. ಹುಡುಗ ತಾನಾಗಿ ಬಂದು ಆಡಿದರೆ ಲೆಕ್ಕಕ್ಕಿಲ್ಲ. ಕೋಚ್ ಯಾರು ಬಂದರು ಎಂದು ಗುರುತು ಹಾಕಿಕೊಂಡ ಗಳಿಗೆಯಿಂದ ಅದು ಕಡ್ಡಾಯವಾದಂತೆಯೇ. ಗಂಟೆ ದಾಟಿದರೆ ಅದು ನಿಯಮ ಉಲ್ಲಂಘನೆ, ಅದರ ದೂರು ಕಾಲೇಜಿನಿಂದಲೇ ಎನ್‌ಸಿಎಎಗೆ ಹೋಗಬೇಕಾಗುತ್ತದೆ.

ಆಟಗಾರನಿಗೆ 20 ಗಂಟೆಯಾದರೆ ಕೋಚ್‌ಗೆ ಅದರ ಮೂರರಷ್ಟು. ಮಿಕ್ಕದ್ದೆಲ್ಲ ರಿಕ್ರೂಟಿಂಗ್, ಪ್ರಯಾಣದ ಏರ್ಪಾಡು, ಬಜೆಟ್, ಹುಡುಗರ ಓದು. ಒಂದು ಹೊರಊರಿನ ಪಂದ್ಯಕ್ಕೆ 10 ಹುಡುಗರು, 2 ಕೋಚ್‌ಗಳು ಹೊರಟರು ಅಂತಿಟ್ಟುಕೊಳ್ಳಿ: ಹುಡುಗರಿಗೆ ಇಬ್ಬರಿಗೊಂದರಂತೆ 5 ರೂಮು, ಕೋಚ್‌ಗಳಿಗೆ 2, ಎರಡು ರಾತ್ರಿಗೆ 14 ರೂಮು ಬಾಡಿಗೆ. ಅದರ ಮೇಲೆ ವ್ಯಾನ್, ಆರು ಹೊತ್ತಿನ ಊಟ 12 ಜನಕ್ಕೆ, ಅಂದರೆ 72 ಊಟ. ಮಳೆ ಬಂದರೆ ಒಳಾಂಗಣ ಕೋರ್ಟ್ ಬಾಡಿಗೆ. ಇದನ್ನೆಲ್ಲ ಮಾಡುವುದು ಬೇರೆ ಯಾರೋ ಅಲ್ಲ, ಅಸಿಸ್ಟೆಂಟ್ ಕೋಚೇ.

---

ಅನುಪಮಾ_ಐಯೋವಾ:

ಶಿವು ಅವರು ಹೇಳಿದ್ದಕ್ಕೆ ರಿಕ್ರೂಟಿಂಗ್ ಮತ್ತು ಆಫೀಸಿನ ಭಾಗ ಸೇರಿಸುತ್ತೇನೆ. ಕೆಲಸ ಉಳಿಯುವುದೂ ಹೋಗುವುದೂ ಇಲ್ಲೇ.

ಲೆಕ್ಕ ಈಗ ಪೂರ್ತಿ ಬದಲಾಗಿದೆ. ಡಿವಿಜನ್ 1 ಪುರುಷರ ಟೆನಿಸ್‌ಗೆ ಬಹಳ ವರ್ಷ ಇದ್ದದ್ದು ನಾಲ್ಕೂವರೆ ಸ್ಕಾಲರ್‌ಶಿಪ್. ಮಹಿಳೆಯರಿಗೆ 8. ಆ ನಾಲ್ಕೂವರೆಯನ್ನು ಎಂಟೊಂಬತ್ತು ಹುಡುಗರಿಗೆ ಹಂಚುವುದೇ ಪುರುಷರ ಕೋಚ್‌ನ ಅರ್ಧ ಜಾಣ್ಮೆಯಾಗಿತ್ತು: ಇವನಿಗೆ ಶೇ. 70, ಅವನಿಗೆ ಶೇ. 40, ಇನ್ನೊಬ್ಬನಿಗೆ ಓದಿನ ಸ್ಕಾಲರ್‌ಶಿಪ್ ಕೊಡಿಸಿ ಇಲ್ಲಿಂದ ಉಳಿಸುವುದು, ಹೀಗೆ. 2025ರ ಜೂನ್ 6ರಂದು ಕಾಲೇಜು ಆಟಗಾರರು ಎನ್‌ಸಿಎಎ ಮೇಲೆ ಹೂಡಿದ್ದ ಹೌಸ್ ಮೊಕದ್ದಮೆಯ ರಾಜಿಗೆ ನ್ಯಾಯಾಲಯ ಒಪ್ಪಿಗೆ ಕೊಟ್ಟಿತು, ಜುಲೈ 1ರಿಂದ ಜಾರಿಗೆ ಬಂತು. ರಾಜಿಗೆ ಒಳಪಟ್ಟ ಕಾಲೇಜುಗಳಲ್ಲಿ ಸ್ಕಾಲರ್‌ಶಿಪ್ ಮಿತಿ ಹೋಯಿತು, ಬದಲಿಗೆ ತಂಡದಲ್ಲಿ 10 ಜನ ಮಾತ್ರ ಎಂಬ ಮಿತಿ ಬಂತು. ಹತ್ತೂ ಜನಕ್ಕೆ ಪೂರ್ತಿ ದುಡ್ಡು ಕೊಡಬಹುದು, ಆದರೆ ಕೊಡಲೇಬೇಕೆಂದಿಲ್ಲ. ಅಮೆರಿಕನ್ ಫುಟ್‌ಬಾಲ್‌ಗೆ ಹಣ ಹರಿಯುವ ಕಡೆ ಟೆನಿಸ್‌ಗೆ ಹಳೆಯ ನಾಲ್ಕೂವರೆಯಷ್ಟೇ ಸಿಗಬಹುದು. ಕೆಲಸದ ಸಂದರ್ಶನದಲ್ಲಿ ನೇರವಾಗಿ ಕೇಳಬೇಕಾದ ಪ್ರಶ್ನೆ ಇದು: "ಎಷ್ಟು ಸ್ಕಾಲರ್‌ಶಿಪ್‌ಗೆ ನಿಜವಾಗಿ ಹಣವಿದೆ?" ಡಿವಿಜನ್ 3ರಲ್ಲಿ ಕ್ರೀಡಾ ಸ್ಕಾಲರ್‌ಶಿಪ್ಪೇ ಇಲ್ಲ, ಓದಿನ ನೆರವು ಮತ್ತು ಕುಟುಂಬದ ಆದಾಯ ನೋಡಿ ಕೊಡುವ ನೆರವು ಮಾತ್ರ. ಅಲ್ಲಿ ಆಟಗಾರನನ್ನು ಒಪ್ಪಿಸಿ ತರುವುದನ್ನು ಕಲಿತವನು ಎಲ್ಲಿ ಬೇಕಾದರೂ ತರಬಲ್ಲ.

10 ಜನ ಎಂದರೆ ಕೈಯಲ್ಲಿ ಬೆರಳಿದ್ದಷ್ಟೇ. 6 ಜನ ಸಿಂಗಲ್ಸ್ ಆಡಬೇಕು. ಒಬ್ಬನಿಗೆ ಭುಜ ನೋವು, ಒಬ್ಬನಿಗೆ ಹೊಟ್ಟೆಯ ಸ್ನಾಯು ಹಿಡಿದುಕೊಂಡಿದೆ, ಒಬ್ಬ ಓದಿನಲ್ಲಿ ಫೇಲು ಎಂದರೆ ಏಳು ಜನರಲ್ಲಿ ಆರು ಜನ ಆಡಬೇಕು. ಹಾಗಾಗಿ ಮೇಲಿನ ಮೂರು ಜಾಗಕ್ಕೆ ತಾರೆಗಳನ್ನು ತಂದು ಕೆಳಗಿನ ಮೂರನ್ನು ಅಲಕ್ಷಿಸಿದರೆ ಏಪ್ರಿಲ್ ಹೊತ್ತಿಗೆ ತಂಡ ಸೋಲುತ್ತದೆ. ನಂಬರ್ 6 ಗೆದ್ದರೂ ನಂಬರ್ 1 ಗೆದ್ದರೂ ಒಂದೇ ಪಾಯಿಂಟ್.

ಹುಡುಗನನ್ನು ಆರಿಸುವಾಗ ಯುಟಿಆರ್ ಸಂಖ್ಯೆಯನ್ನೊಂದೇ ನಂಬಬಾರದು. ಕಳೆದ ಹನ್ನೆರಡು ತಿಂಗಳ ಪಂದ್ಯಗಳನ್ನು ಒಂದೊಂದಾಗಿ ತೆರೆಯಿರಿ. ಮೂರನೇ ಸೆಟ್‌ಗೆ ಹೋದವು ಎಷ್ಟು, ಅದರಲ್ಲಿ ಗೆದ್ದವು ಎಷ್ಟು? ಗೆಲುವುಗಳೆಲ್ಲ ಮಣ್ಣಿನ ಅಂಗಳದಲ್ಲೇ ಬಂದಿವೆಯೇ? ಡಬಲ್ಸ್ ಆಡಿದ್ದಾನೆಯೇ? ವಿಡಿಯೊ ಕೇಳುವಾಗ ಆಯ್ದ ತುಣುಕು ಬೇಡ, ಕತ್ತರಿಸದ ಒಂದು ಪೂರ್ತಿ ಸೆಟ್ ಕೇಳಿ. 2-5ರಲ್ಲಿ ಹಿಂದಿರುವಾಗ ಹುಡುಗ ಟವೆಲ್ ತೆಗೆದುಕೊಳ್ಳಲು ಹೇಗೆ ನಡೆಯುತ್ತಾನೆ ಎನ್ನುವುದು ತುಣುಕಿನಲ್ಲಿ ಸಿಗುವುದಿಲ್ಲ. ಡಿವಿಜನ್ 1 ಕೋಚ್ ಹುಡುಗನ ಹತ್ತನೇ ತರಗತಿ ಮುಗಿದ ವರ್ಷದ ಜೂನ್ 15ಕ್ಕೆ ಮುಂಚೆ ಫೋನ್, ಮೆಸೇಜ್ ಮಾಡುವಂತಿಲ್ಲ.

ಭಾರತದಿಂದ ಬರುವವರ ಕಾಗದಪತ್ರ ಬಲ್ಲ ಅಸಿಸ್ಟೆಂಟ್‌ಗೆ ನಿಜವಾದ ಬೆಲೆಯಿದೆ, ನಿಮ್ಮ ತಮ್ಮನಿಗೆ ಇದು ಬಂಡವಾಳ. ಡಿವಿಜನ್ 1ಕ್ಕೆ 9ರಿಂದ 12ನೇ ತರಗತಿಯೊಳಗೆ 16 ಕೋರ್ ವಿಷಯಗಳು ಬೇಕು, ಅದರಲ್ಲಿ ಗಣಿತ 3 ವರ್ಷ. ಗಣಿತವಿಲ್ಲದ ಕಾಮರ್ಸ್ ಅಥವಾ ಆರ್ಟ್ಸ್ ಪಿಯುಸಿ ಮಾಡಿದ ಹುಡುಗನಿಗೆ ಗಣಿತದ ವರ್ಷಗಳು ಕಡಿಮೆ ಬೀಳಬಹುದು. ಒಂಬತ್ತನೇ ತರಗತಿಯ ಅಂಕಪಟ್ಟಿಯನ್ನು ನಮ್ಮಲ್ಲಿ ಯಾರೂ ಜೋಪಾನ ಮಾಡುವುದಿಲ್ಲ, ಇಲ್ಲಿ ಅದೂ ಬೇಕು. ಹುಡುಗ ಎಸ್ಸೆಸ್ಸೆಲ್ಸಿಯಲ್ಲಿರುವಾಗಲೇ ಮನೆಯವರಿಗೆ ಇದನ್ನು ತಿಳಿಸಿದರೆ ಒಂದು ಸೀಸನ್ ಉಳಿಯುತ್ತದೆ. ಬಹುಮಾನದ ಹಣ ಪಡೆದದ್ದು, ಶಾಲೆ ಮುಗಿದ ಮೇಲೆ ಆಡಿದ ಅಂತರರಾಷ್ಟ್ರೀಯ (ಐಟಿಎಫ್) ಟೂರ್ನಿಗಳು, ಎಲ್ಲದರ ಪಟ್ಟಿ ಮಾಡಿ ಮೊದಲೇ ಕಾಲೇಜಿನ ಕಂಪ್ಲಯನ್ಸ್ ಆಫೀಸಿಗೆ (ನಿಯಮ ಪಾಲನೆ ನೋಡಿಕೊಳ್ಳುವ ಕಚೇರಿ) ಕೊಡಿ. ಸಹಿ ಹಾಕಿಸಿಕೊಂಡ ಮೇಲೆ ಅಲ್ಲ.

ಎಪಿಆರ್ ಎಂಬ ಓದಿನ ಅಂಕವನ್ನೂ ಕಲಿಯಲಿ. ನೆರವು ಪಡೆಯುವ ಪ್ರತಿ ಆಟಗಾರನಿಗೆ ಪ್ರತಿ ಸೆಮಿಸ್ಟರ್ 2 ಪಾಯಿಂಟ್: ಪಾಸಾಗಿ ಅರ್ಹನಾಗಿದ್ದರೆ ಒಂದು, ಕಾಲೇಜಿನಲ್ಲೇ ಉಳಿದರೆ ಒಂದು. 10 ಜನ, 2 ಸೆಮಿಸ್ಟರ್ ಎಂದರೆ ವರ್ಷಕ್ಕೆ 40. ಮೂರು ಪಾಯಿಂಟ್ ಕಳೆದರೆ 37, ಸಾವಿರದ ಲೆಕ್ಕಕ್ಕೆ ತಂದರೆ 925. ನಾಲ್ಕು ವರ್ಷದ ಸರಾಸರಿ 930ರ ಕೆಳಗಿಳಿದರೆ ತಂಡ ಪೋಸ್ಟ್‌ಸೀಸನ್ (ಸೀಸನ್ ಕೊನೆಯ ಚಾಂಪಿಯನ್‌ಶಿಪ್) ಆಡುವಂತಿಲ್ಲ. ಫೇಲಾಗಿ ಬಿಟ್ಟುಹೋದ ಒಬ್ಬ ಹುಡುಗನಿಂದ ಒಂದೇ ಸಲಕ್ಕೆ 2 ಪಾಯಿಂಟ್ ಹೋಗುತ್ತದೆ. ಫುಟ್‌ಬಾಲ್ ತಂಡಕ್ಕೆ ಇಂಥ ಒಬ್ಬ ಲೆಕ್ಕಕ್ಕಿಲ್ಲ, ಟೆನಿಸ್ ತಂಡಕ್ಕೆ ಭಾರ. ಒಳ್ಳೆಯ ಅಂಕದೊಂದಿಗೆ ಬೇರೆ ಕಾಲೇಜಿಗೆ ಹೋದರೆ ಅಷ್ಟು ಪೆಟ್ಟಿಲ್ಲ. ಸೆಪ್ಟೆಂಬರ್ ಕೊನೆಗೆ ಮೊದಲ ಟೆಸ್ಟಿನ ಅಂಕ ಬಂದಾಗಲೇ ಹುಡುಗನ ಜೊತೆ ಕೂತು ಮಾತಾಡುವ ಕೋಚ್ ಡಿಸೆಂಬರ್‌ನಲ್ಲಿ ಕಣ್ಣೀರು ನೋಡಬೇಕಾಗುವುದಿಲ್ಲ.

ತಂಡವೇ ರದ್ದಾಗುವ ಅಪಾಯವನ್ನೂ ಹೇಳಿಬಿಡುತ್ತೇನೆ. ಕೋವಿಡ್ ಹೊತ್ತಿನಲ್ಲಿ ಐಯೋವಾ, ಮಿನ್ನೆಸೋಟ, ಕನೆಕ್ಟಿಕಟ್‌ನಂಥ ದೊಡ್ಡ ವಿಶ್ವವಿದ್ಯಾಲಯಗಳೇ ಪುರುಷರ ಟೆನಿಸ್ ನಿಲ್ಲಿಸಿದವು. ಟೆನಿಸ್ ಹಣ ತರುವುದಿಲ್ಲ, ಟೈಟಲ್ ನೈನ್ ಕಾನೂನಿನಡಿ ಪುರುಷರ ಮತ್ತು ಮಹಿಳೆಯರ ಅವಕಾಶಗಳ ತಕ್ಕಡಿ ಸರಿದೂಗಬೇಕು, ಫುಟ್‌ಬಾಲ್ ಒಂದೇ ನೂರಕ್ಕೂ ಹೆಚ್ಚು ಪುರುಷರನ್ನು ನುಂಗುತ್ತದೆ. ಕತ್ತರಿ ಬೀಳುವುದು ಪುರುಷರ ಟೆನಿಸ್‌ನಂಥ ತಂಡಗಳ ಮೇಲೆ. ಕೆಲಸ ಒಪ್ಪುವ ಮುಂಚೆ ಆ ಕಾಲೇಜಿಗೆ ಒಟ್ಟು ಎಷ್ಟು ಕ್ರೀಡೆಗಳಿವೆ ಎಂದು ಎಣಿಸಿ. ಫುಟ್‌ಬಾಲ್‌ನ ಮೇಲ್ದರ್ಜೆಯಲ್ಲಿರಲು ಕನಿಷ್ಠ 16 ಬೇಕು. ಸರಿಯಾಗಿ 16 ಇದ್ದರೆ ತಂಡ ಸ್ವಲ್ಪ ಭದ್ರ, 22 ಇದ್ದರೆ ಅಷ್ಟು ಭದ್ರವಲ್ಲ. ಟೆನಿಸ್‌ಗೆಂದೇ ಹಳೆಯ ಆಟಗಾರರು ಇಟ್ಟ ದತ್ತಿ ನಿಧಿ ಇದೆಯೇ ಎಂದೂ ಕೇಳಿ.

---

ಕೋರ್ಟ್_ನಾಲ್ಕು:

ಇಬ್ಬರೂ ಆಫೀಸಿನ ವಿಷಯ ಚೆನ್ನಾಗಿ ಹೇಳಿದ್ದಾರೆ. ಆದರೆ ಪಂದ್ಯದ ದಿನದ ವಿದ್ಯೆಯನ್ನು ಯಾರೂ ಮುಟ್ಟಲಿಲ್ಲ, ಕೋಚ್ ಎನಿಸಿಕೊಳ್ಳುವುದು ಅಲ್ಲಿ.

ಲೆಕ್ಕ ಗೊತ್ತಿಲ್ಲದ ಓದುಗರಿಗೆ: ಡಿವಿಜನ್ 1ರಲ್ಲಿ ಮೊದಲು 3 ಡಬಲ್ಸ್, ತಲಾ ಒಂದೇ ಸೆಟ್. ಎರಡು ಗೆದ್ದವರಿಗೆ 1 ಪಾಯಿಂಟ್. ಆಮೇಲೆ 6 ಸಿಂಗಲ್ಸ್ ಏಕಕಾಲಕ್ಕೆ, ತಲಾ 1 ಪಾಯಿಂಟ್. ಒಟ್ಟು 7ರಲ್ಲಿ ಮೊದಲು 4 ತಲುಪಿದವರ ಗೆಲುವು. ಡ್ಯೂಸ್ (40-40) ಬಂದರೆ ಒಂದೇ ಪಾಯಿಂಟ್, ಯಾವ ಕಡೆಯಿಂದ ಸರ್ವ್ ತೆಗೆದುಕೊಳ್ಳುವುದೆಂದು ರಿಸೀವರ್ ಆರಿಸುತ್ತಾನೆ. ಪುರುಷರಲ್ಲಿ ಸರ್ವ್ ನೆಟ್ ತಾಗಿ ಒಳಗೆ ಬಿದ್ದರೂ ಆಟ ಮುಂದುವರಿಯುತ್ತದೆ, ಲೆಟ್ ಇಲ್ಲ.

ಈ ಎರಡು ನಿಯಮಕ್ಕೇ ಬೇರೆ ಅಭ್ಯಾಸ ಬೇಕು. ಪ್ರ್ಯಾಕ್ಟೀಸಿನ ಕೊನೆಯ 20 ನಿಮಿಷ ಬರೀ 40-40 ಪಾಯಿಂಟ್ ಆಡಿಸಿ, ಸರ್ವ್ ಮಾಡುವವನು ಎಲ್ಲಿಗೆ ಹೊಡೆಯುತ್ತಾನೆಂದು ಮೊದಲೇ ಕೋಚ್ ಕಿವಿಯಲ್ಲಿ ಹೇಳಲಿ, ಆಮೇಲೆ ಅಲ್ಲಿಗೇ ಹೊಡೆಯಲಿ. ಒತ್ತಡದಲ್ಲಿ ಮನಸ್ಸು ಬದಲಾಯಿಸುವವನು ಯಾರೆಂದು ಒಂದೇ ವಾರದಲ್ಲಿ ಗೊತ್ತಾಗುತ್ತದೆ. ಲೆಟ್‌ಗೆ: ರಿಸೀವ್ ಮಾಡುವವನು ಸರ್ವ್ ನೆಟ್ ತಾಗಿದ ಸದ್ದಿಗೆ ನಿಲ್ಲುತ್ತಾನೆ, ಚಿಕ್ಕಂದಿನಿಂದ ಬಂದ ಚಾಳಿ. ಕೋಚ್ ನೆಟ್ ಬಳಿ ನಿಂತು ಕೈಯಿಂದ ಚೆಂಡನ್ನು ನೆಟ್ ಪಟ್ಟಿಗೆ ತಾಗಿಸಿ ಸರ್ವೀಸ್ ಬಾಕ್ಸಿಗೆ ಬೀಳಿಸಬೇಕು, ಹುಡುಗ ಬೇಸ್‌ಲೈನ್‌ನಿಂದ ಓಡಿ ಬಂದು ಎತ್ತಬೇಕು. ದಿನಕ್ಕೆ ಹದಿನೈದು ಚೆಂಡು ಸಾಕು.

ಡಬಲ್ಸ್ ಸೆಟ್ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಒಂದು ಬ್ರೇಕ್ ಆದರೆ, ಅಂದರೆ ನಮ್ಮ ಸರ್ವ್ ಇದ್ದ ಗೇಮ್ ಕೈತಪ್ಪಿದರೆ, ತಿದ್ದಿಕೊಳ್ಳಲು ಸಮಯವಿಲ್ಲ. ಹಾಗಾಗಿ ವಾರದ ಪ್ರ್ಯಾಕ್ಟೀಸಿನ ಮೂರನೇ ಒಂದು ಭಾಗ ಡಬಲ್ಸ್‌ಗೆ ಹೋದರೂ ಹೆಚ್ಚಲ್ಲ, ಅದರಲ್ಲೂ ಮೊದಲ ಸರ್ವ್, ಮೊದಲ ವಾಲಿ, ರಿಟರ್ನ್ ಈ ಮೂರಕ್ಕೇ. ಉದ್ದ ರ್‍ಯಾಲಿ ಆಡಿಸಿ ಬೆವರಿಳಿಸಿದರೆ ಡಬಲ್ಸ್ ಪಾಯಿಂಟ್ ಬರುವುದಿಲ್ಲ.

ಸಿಂಗಲ್ಸ್ ಶುರುವಾದರೆ ಆರು ಕೋರ್ಟ್, ಇಬ್ಬರೋ ಮೂವರೋ ಕೋಚ್‌ಗಳು. ಎಲ್ಲ ಕಡೆ ಓಡಾಡುವ ಕೋಚ್ ಯಾರಿಗೂ ಒದಗುವುದಿಲ್ಲ. ಮೊದಲ ಸೆಟ್ ಮುಗಿಯುವವರೆಗೆ ಇಬ್ಬಿಬ್ಬರನ್ನು ಹಂಚಿಕೊಂಡು ನಿಲ್ಲಿ. ಎರಡನೇ ಸೆಟ್ ನಡುವೆ ಲೆಕ್ಕ ಹಾಕಿ: ಖಚಿತ ಗೆಲುವು ಎಲ್ಲಿ, ಖಚಿತ ಸೋಲು ಎಲ್ಲಿ, ತೂಗುಯ್ಯಾಲೆ ಎಲ್ಲಿ? ಅನುಭವಿ ಕೋಚ್ ತೂಗುಯ್ಯಾಲೆಯಲ್ಲಿರುವ ಕೋರ್ಟಿಗೆ ಹೋಗುತ್ತಾನೆ. ಹೊಸಬ ಸೋಲುತ್ತಿರುವ ಕೋರ್ಟಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತಾನೆ.

ಆಟಗಾರರು ಬದಿ ಬದಲಾಯಿಸುವಾಗ ಸಿಗುವುದು 90 ಸೆಕೆಂಡ್. ಮೊದಲ ಮೂವತ್ತು ಸೆಕೆಂಡ್ ಬಾಯಿ ಬಿಡಬೇಡಿ. ಹುಡುಗ ಕೂರಲಿ, ನೀರು ಕುಡಿಯಲಿ, ಮುಖ ಒರೆಸಿಕೊಳ್ಳಲಿ, ಉಸಿರು ಇಳಿಯಲಿ. ಆಮೇಲೆ ಒಂದೇ ಮಾತು, ಕಾಲು ಎಲ್ಲಿಡಬೇಕು ಚೆಂಡು ಎಲ್ಲಿಗೆ ಹೋಗಬೇಕು ಅನ್ನುವಂಥದ್ದು: "ಅವನ ಎರಡನೇ ಸರ್ವ್‌ಗೆ ಒಂದು ಹೆಜ್ಜೆ ಒಳಗೆ ನಿಲ್ಲು, ಬ್ಯಾಕ್‌ಹ್ಯಾಂಡ್ ಕಡೆಗೆ ಎತ್ತರವಾಗಿ ಹಾಕು." ಸರ್ವ್, ರಿಟರ್ನ್, ಫಿಟ್‌ನೆಸ್, ಮನೋಬಲ ನಾಲ್ಕನ್ನೂ ಒಟ್ಟಿಗೆ ಹೇಳಿದರೆ ಎದ್ದು ಹೋಗುವಾಗ ತಲೆಯಲ್ಲಿ ಒಂದೂ ಉಳಿದಿರುವುದಿಲ್ಲ. ಅವನು ನಿಮ್ಮ ಕಣ್ಣು ನೋಡದೆ ರ್‍ಯಾಕೆಟ್ ತಂತಿ ಎಳೆಯುತ್ತಾ ಕೂತಿದ್ದರೆ ಆ ಒಂದು ಮಾತೂ ಬೇಡ, ಪಕ್ಕದಲ್ಲಿ ಕೂತರೆ ಸಾಕು.

ಲೈನ್‌ಅಪ್ ವಿಷಯ: ಆಟಗಾರರನ್ನು ಸಾಮರ್ಥ್ಯದ ಕ್ರಮದಲ್ಲೇ ಇಳಿಸಬೇಕು. ಬಲಿಷ್ಠನನ್ನು ಕೆಳಗೆ ಇಳಿಸಿ ಸುಲಭದ ಪಾಯಿಂಟ್ ಕದಿಯುವಂತಿಲ್ಲ. ಎದುರಾಳಿ ಕೋಚ್ ಆಕ್ಷೇಪಿಸಿದರೆ ತೋರಿಸಲು ನಿಮ್ಮಲ್ಲಿ ಕಾಗದವಿರಬೇಕು, ಅಂದರೆ ತಂಡದೊಳಗಿನ ಪಂದ್ಯಗಳ ಫಲಿತಾಂಶ, ತಾರೀಖಿನ ಸಮೇತ. ಗಾಯದಿಂದ ಮರಳಿದವನನ್ನು ಒಂದೆರಡು ಜಾಗ ಕೆಳಗೆ ಇಳಿಸುವಾಗಲೇ ಜಗಳ ಹುಟ್ಟುವುದು.

ಸಾಮಾನಿನ ಕಡೆ: ಮನೆಯಂಗಳದ ಪಂದ್ಯಕ್ಕೆ ಡಬಲ್ಸ್‌ಗೆ 3 ಕ್ಯಾನ್, ಸಿಂಗಲ್ಸ್‌ಗೆ 6, ಮೂರನೇ ಸೆಟ್‌ಗೆಂದು ಇನ್ನೂ 6, ಒಟ್ಟು 15 ಕ್ಯಾನ್ ಹೊಸ ಚೆಂಡು ತೆಗೆದಿಟ್ಟಿರಬೇಕು. ರ್‍ಯಾಕೆಟ್‌ಗೆ ತಂತಿ ಹಾಕಲು ಬರಲೇಬೇಕು, ತರಾತುರಿಯಲ್ಲಿ ಅಲ್ಲ, ಕೈಗೆ ಕೂತಂತೆ. ಒಂದು ರ್‍ಯಾಕೆಟ್‌ಗೆ ಸುಮಾರು 12 ಮೀಟರ್ ತಂತಿ, 200 ಮೀಟರ್ ಸುರುಳಿಯಲ್ಲಿ 16 ರ್‍ಯಾಕೆಟ್ ಆಗುತ್ತದೆ. ಪಾಲಿಯೆಸ್ಟರ್ ತಂತಿ ತುಂಡಾಗದಿದ್ದರೂ ಹತ್ತು ಗಂಟೆ ಆಡಿದ ಮೇಲೆ ಸತ್ತಂತೆಯೇ, ಚೆಂಡು ಹಿಡಿತಕ್ಕೆ ಸಿಗುವುದಿಲ್ಲ, ಮೊಣಕೈ ನೋವೂ ಶುರುವಾಗುತ್ತದೆ. ಫೆಬ್ರುವರಿ ಚಳಿಯಲ್ಲಿ ಹೊರಗೆ ಆಡುವುದಾದರೆ ಬಿಗಿತವನ್ನು ಎರಡು ಪೌಂಡ್ ಇಳಿಸಿ. ಪ್ರತಿ ಹುಡುಗನ ಬಿಗಿತ, ತಂತಿ, ಹಾಕಿದ ತಾರೀಖು ಬರೆದ ಚೀಟಿಯನ್ನು ಮೆಷಿನ್ ಮೇಲೆಯೇ ಅಂಟಿಸಿರಿ.

---

ಮಲ್ಲಿಗೆ_ಮೈಸೂರು:

ಮೂವರಿಗೂ ತುಂಬಾ ಧನ್ಯವಾದ. ತಮ್ಮನಿಗೆ ಓದಲು ಕಳಿಸಿದ್ದೇನೆ. ಹಾಗಾದರೆ ಆ "ಆಪರೇಷನ್ಸ್" ಹುದ್ದೆ ಬೇಡವೇ? ದೊಡ್ಡ ತಂಡದ ಹೆಸರು ರೆಸ್ಯೂಮೆಯಲ್ಲಿ ಇದ್ದರೆ ಮುಂದೆ ಒಳ್ಳೆಯದಲ್ಲವೇ? ವೀಸಾ ಬಗ್ಗೆ ಇನ್ನೂ ಯಾರೂ ಹೇಳಲಿಲ್ಲ.

---

ಬೇಸ್‌ಲೈನ್_ಶಿವು:

ನನ್ನ ಅಭಿಪ್ರಾಯ ಸ್ಪಷ್ಟ: ಡಿವಿಜನ್ 3 ಕೆಲಸವೇ ಮೇಲು. 2023ರ ಜುಲೈ 1ರಿಂದ ಡಿವಿಜನ್ 1ರಲ್ಲಿ ವಾಲಂಟಿಯರ್ ಕೋಚ್ ಎಂಬ ಹುದ್ದೆ ತೆಗೆದು, ಪುರುಷರ ಟೆನಿಸ್‌ಗೆ ಕೋಚ್‌ಗಳ ಮಿತಿಯನ್ನು 2ರಿಂದ 3ಕ್ಕೆ ಏರಿಸಿದರು. ಆಪರೇಷನ್ಸ್‌ನವನು ಆ ಮೂವರಲ್ಲಿ ಒಬ್ಬನೇ, ಅಲ್ಲವೇ ಎಂದು ಬರಹದಲ್ಲಿ ಕೇಳಿ. ಅಲ್ಲವೆಂದರೆ ಎರಡು ವರ್ಷ ಹೋಟೆಲ್ ಬುಕ್ ಮಾಡುತ್ತಾನೆ, ಟೀ ಶರ್ಟ್ ಎಣಿಸುತ್ತಾನೆ, ಒಬ್ಬ ಹುಡುಗನ ಸರ್ವ್ ತಿದ್ದಿರುವುದಿಲ್ಲ. ಮುಂದಿನ ಸಂದರ್ಶನದಲ್ಲಿ "ನೀನು ಕರೆತಂದ ಆಟಗಾರರು ಯಾರು, ಅವರು ಎಷ್ಟು ಬೆಳೆದರು?" ಎಂದು ಕೇಳಿದಾಗ ಉತ್ತರವಿರುವುದಿಲ್ಲ.

ಡಿವಿಜನ್ 3ರಲ್ಲಿ ಮೊದಲ ವರ್ಷವೇ ಎರಡು ತಂಡ, ಎರಡು ಲೈನ್‌ಅಪ್, ರಿಕ್ರೂಟಿಂಗ್ ಪಟ್ಟಿ, ಬಜೆಟ್ ಎಲ್ಲ ಕೈಗೆ ಬರುತ್ತದೆ. ಆದರೆ ಅಲ್ಲೂ ಕೇಳಬೇಕಾದ್ದಿದೆ: ಸಂಬಳ 10 ತಿಂಗಳದೋ 12 ತಿಂಗಳದೋ, ಆರೋಗ್ಯ ವಿಮೆ ಇದೆಯೇ, ಬೇಸಿಗೆ ಕ್ಯಾಂಪ್ ನಡೆಸಲು ಕೋರ್ಟ್ ಬಾಡಿಗೆಯಿಲ್ಲದೆ ಸಿಗುತ್ತದೆಯೇ, ಟೆನಿಸ್ ಜೊತೆ ಇನ್ನೇನು ಕೆಲಸ ಹೊರಿಸುತ್ತಾರೆ? ಜಿಮ್ ಕಾಯುವುದು, ಬೇರೆ ಪಂದ್ಯಗಳ ಉಸ್ತುವಾರಿ, ದೈಹಿಕ ಶಿಕ್ಷಣದ ಕ್ಲಾಸು, ಇವೆಲ್ಲ ಸೇರಿಕೊಂಡಿರುತ್ತವೆ.

---

ಕೋರ್ಟ್_ನಾಲ್ಕು:

ಶಿವು ಅವರೇ, ಇಲ್ಲಿ ನಿಮ್ಮ ಮಾತು ಪೂರ್ತಿ ಒಪ್ಪಲಾರೆ. ಒಳ್ಳೆಯ ಮುಖ್ಯ ಕೋಚ್ ಪಕ್ಕದಲ್ಲಿ ಒಂದು ವರ್ಷ ಪ್ರ್ಯಾಕ್ಟೀಸ್ ನೋಡುತ್ತಾ ನಿಂತರೂ ಕಲಿಯುವುದು ಬಹಳ. ಇಲಿನಾಯ್‌ನಲ್ಲಿ ಕ್ರೇಗ್ ಟೈಲಿ ಕಟ್ಟಿದ ತಂಡ 2003ರಲ್ಲಿ 32-0, ಒಂದೂ ಸೋಲಿಲ್ಲ. ಅದೇ ವರ್ಷ ಸಿಂಗಲ್ಸ್ ಅಮೇರ್ ಡೆಲಿಚ್‌ಗೆ, ಡಬಲ್ಸ್ ಬೆಂಗಳೂರು ಮೂಲದ ಕುಟುಂಬದ ರಾಜೀವ್ ರಾಮ್ ಮತ್ತು ಬ್ರಯಾನ್ ವಿಲ್ಸನ್ ಜೋಡಿಗೆ. ಅಂಥ ಕಡೆ ಮಂಗಳವಾರದ ಪ್ರ್ಯಾಕ್ಟೀಸ್ ಹೇಗೆ ನಡೆಯುತ್ತದೆ ಎಂಬುದನ್ನು ಚಿಕ್ಕ ಕಾಲೇಜಿನಲ್ಲಿ ಕೂತು ಊಹಿಸಲಾಗುವುದಿಲ್ಲ. ಆದರೆ ಕೋರ್ಟಿಗೆ ಕಾಲಿಡಲು ಬಿಡದ ಹುದ್ದೆಯಾದರೆ ನನ್ನದೂ ನಿಮ್ಮದೇ ಉತ್ತರ. ಮೂರನೆಯ ದಾರಿಯನ್ನೂ ನೋಡಿ: ಡಿವಿಜನ್ 2 ಅಥವಾ ಎನ್‌ಎಐಎ (ಚಿಕ್ಕ ಕಾಲೇಜುಗಳ ಬೇರೊಂದು ಕ್ರೀಡಾ ಸಂಘ) ಕಾಲೇಜಿನಲ್ಲಿ ಗ್ರ್ಯಾಜುಯೇಟ್ ಅಸಿಸ್ಟೆಂಟ್. ಫೀಸು ಮನ್ನಾ, ಕೈಖರ್ಚಿಗೆ ಸ್ಟೈಪೆಂಡ್, ಎರಡು ವರ್ಷದಲ್ಲಿ ಮಾಸ್ಟರ್ಸ್. ಮುಖ್ಯ ಕೋಚ್ ಹುದ್ದೆಗಳ ಎಷ್ಟೋ ಜಾಹೀರಾತುಗಳಲ್ಲಿ ಮಾಸ್ಟರ್ಸ್ ಇದ್ದವರಿಗೆ ಆದ್ಯತೆ ಎಂದಿರುತ್ತದೆ.

---

ಅನುಪಮಾ_ಐಯೋವಾ:

ವೀಸಾ ದೃಷ್ಟಿಯಿಂದಲೂ ಗ್ರ್ಯಾಜುಯೇಟ್ ಅಸಿಸ್ಟೆಂಟ್ ದಾರಿ ಸುಗಮ. ಎಫ್-1 ವಿದ್ಯಾರ್ಥಿ ವೀಸಾದಲ್ಲೇ ಮುಂದುವರಿಯುತ್ತಾನೆ, ಕ್ಯಾಂಪಸ್ ಕೆಲಸವಾದ್ದರಿಂದ ತರಗತಿ ನಡೆಯುವ ಕಾಲದಲ್ಲಿ ವಾರಕ್ಕೆ 20 ಗಂಟೆ ಮಿತಿ. ಪಂದ್ಯದ ಪ್ರಯಾಣವಿರುವ ವಾರ ಈ 20 ದಾಟಿಬಿಡುತ್ತದೆ, ಗಂಟೆಗಳನ್ನು ಹೇಗೆ ಲೆಕ್ಕ ಇಡುತ್ತಾರೆಂದು ಮೊದಲೇ ಮಾತಾಡಿಕೊಳ್ಳಲಿ.

ಡಿವಿಜನ್ 3 ಕೆಲಸಕ್ಕೆ ಹೋಗುವುದಾದರೆ ಒಪಿಟಿ (ಓದು ಮುಗಿಸಿದ ವಿದ್ಯಾರ್ಥಿಗೆ ಸಿಗುವ ಕೆಲಸದ ಅನುಮತಿ), 12 ತಿಂಗಳು. ಕೋರ್ಸ್ ಮುಗಿಯುವ 90 ದಿನ ಮುಂಚಿನಿಂದ ಅರ್ಜಿ ಹಾಕಬಹುದು, ಮುಗಿದ 60 ದಿನದೊಳಗೆ ಹಾಕಲೇಬೇಕು. ಕೆಲಸ ಓದಿಗೆ ಸಂಬಂಧಿಸಿರಬೇಕು, ಎಕ್ಸರ್‌ಸೈಸ್ ಸೈನ್ಸ್‌ನವನಿಗೆ ಕೋಚಿಂಗ್ ಒಪ್ಪುತ್ತದೆ. ವಾರಕ್ಕೆ ಕನಿಷ್ಠ 20 ಗಂಟೆ ಇರಬೇಕು, ಕೆಲಸವಿಲ್ಲದ ದಿನಗಳು ಒಟ್ಟು 90 ದಾಟಬಾರದು. ಡಿವಿಜನ್ 3 ಅಸಿಸ್ಟೆಂಟ್ ಹುದ್ದೆಗಳಲ್ಲಿ ಎಷ್ಟೋ ಪಾರ್ಟ್‌ಟೈಮ್, ಮೇ ತಿಂಗಳಿಗೆ ನಿಂತುಬಿಡುತ್ತವೆ. ಆಗ ದಿನ ಎಣಿಕೆ ಶುರುವಾಗುತ್ತದೆ, ಇದನ್ನು ಮರೆಯಬೇಡಿ.

ಅದರ ಮುಂದಿನದು ಎಚ್-1ಬಿ ಕೆಲಸದ ವೀಸಾ. ವಿಶ್ವವಿದ್ಯಾಲಯ, ಕಾಲೇಜುಗಳು ಲಾಟರಿ ಮಿತಿಯಿಂದ ಹೊರಗಿವೆ, ವರ್ಷದ ಯಾವ ತಿಂಗಳಲ್ಲಾದರೂ ಅರ್ಜಿ ಹಾಕಬಹುದು. ತೊಡಕು ಬೇರೆ ಕಡೆ ಇದೆ: ಆ ಹುದ್ದೆಗೆ ನಿರ್ದಿಷ್ಟ ವಿಷಯದ ಪದವಿ ಅಗತ್ಯವೆಂದು ತೋರಿಸಬೇಕು. ಕೋಚ್ ಹುದ್ದೆಯ ಜಾಹೀರಾತಿನಲ್ಲಿ "ಯಾವುದೇ ಪದವಿ" ಎಂದಿದ್ದರೆ ಅರ್ಜಿ ಅಲ್ಲೇ ಸೊರಗುತ್ತದೆ. ಕೆಲಸಕ್ಕೆ ಸೇರುವಾಗಲೇ ಕಾಲೇಜಿನ ಅಂತರರಾಷ್ಟ್ರೀಯ ಕಚೇರಿಯವರನ್ನು ಕಂಡು, ಹಿಂದೆ ಯಾವ ಕೋಚ್‌ಗಾದರೂ ಎಚ್-1ಬಿ ಮಾಡಿಸಿದ್ದಾರೆಯೇ ಎಂದು ಕೇಳಲಿ. 2025ರ ಸೆಪ್ಟೆಂಬರ್‌ನಲ್ಲಿ ಬಂದ ಘೋಷಣೆಯ ಪ್ರಕಾರ ದೇಶದ ಹೊರಗಿರುವವರಿಗೆ ಹಾಕುವ ಹೊಸ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕವಿದೆ. ಒಂದು ಟೆನಿಸ್ ತಂಡಕ್ಕೆ ಅದನ್ನು ಕಟ್ಟುವವರಿಲ್ಲ. ಹಾಗಾಗಿ ಕೆಲಸ ಸಿಗದೆ ಊರಿಗೆ ಬಂದು ಅಲ್ಲಿಂದ ಪ್ರಯತ್ನಿಸುವ ಯೋಜನೆ ಬೇಡ. ವಕೀಲರ ಹತ್ತಿರ ಒಂದು ಸಲ ಮಾತಾಡಿಯೇ ಹೆಜ್ಜೆ ಇಡಿ.

ಊರಿಗೆ ಮರಳಿದರೆ ಇದೇ ಹುದ್ದೆ ಸಿಗುತ್ತದೆಂದೂ ಎಣಿಸಬೇಡಿ. ಕರ್ನಾಟಕದ ಕಾಲೇಜುಗಳಲ್ಲಿರುವುದು ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆ, ಅದಕ್ಕೆ ಎಂ.ಪಿ.ಎಡ್ ಜೊತೆಗೆ ನೆಟ್ ಅಥವಾ ಕೆ-ಸೆಟ್ ಬೇಕು, ಎಲ್ಲ ಆಟಗಳೂ ಅವರ ಮೇಲೆಯೇ.

ಈಗಲೇ ಮಾಡಿಟ್ಟುಕೊಳ್ಳಬಹುದಾದ್ದು: ಸಿಪಿಆರ್, ಪ್ರಥಮ ಚಿಕಿತ್ಸೆ, ಎಇಡಿ (ಹೃದಯ ನಿಂತಾಗ ಶಾಕ್ ಕೊಡುವ ಯಂತ್ರ) ಸರ್ಟಿಫಿಕೇಟ್, ಸೇಫ್‌ಸ್ಪೋರ್ಟ್ (ಆಟಗಾರರ ಮೇಲಿನ ದೌರ್ಜನ್ಯ ತಡೆಯುವ) ತರಬೇತಿ, ಪಿಟಿಆರ್‌ನಂಥ ಟೆನಿಸ್ ಸಂಸ್ಥೆಯ ಒಂದು ಕೋಚಿಂಗ್ ಸರ್ಟಿಫಿಕೇಟ್. ಐಟಿಎ (ಕಾಲೇಜು ಟೆನಿಸ್ ಸಂಘ) ಮತ್ತು ಎನ್‌ಸಿಎಎ ಮಾರ್ಕೆಟ್ ಜಾಲತಾಣಗಳ ಹುದ್ದೆಗಳ ಪಟ್ಟಿಯನ್ನು ಮೇ ಮಧ್ಯದಿಂದ ದಿನಾ ನೋಡಲಿ. ಒಬ್ಬ ಮುಖ್ಯ ಕೋಚ್ ಬದಲಾದರೆ ಅದರ ಹಿಂದೆ ಮೂರ್ನಾಲ್ಕು ಅಸಿಸ್ಟೆಂಟ್ ಹುದ್ದೆಗಳು ಸರಪಳಿಯಂತೆ ತೆರೆಯುತ್ತವೆ, ಜುಲೈ ಕೊನೆಗೆ ಮುಚ್ಚುತ್ತವೆ. ಅರ್ಜಿಯ ಜೊತೆ ತಾನು ಕರೆತರಬಲ್ಲ ಐದಾರು ಹುಡುಗರ ಪಟ್ಟಿ ಇರಲಿ: ಪಾಸಾಗುವ ವರ್ಷ, ಯುಟಿಆರ್, ಓದಿನ ಅಂಕ, ಮನೆಯವರು ಎಷ್ಟು ಫೀಸು ಕಟ್ಟಬಲ್ಲರು ಎಂಬ ಅಂದಾಜು. ಡಿವಿಜನ್ 3 ಕೋಚ್‌ಗಳು ರೆಸ್ಯೂಮೆಗಿಂತ ಮೊದಲು ಓದುವುದು ಆ ಹಾಳೆಯನ್ನೇ.

---

ಮಲ್ಲಿಗೆ_ಮೈಸೂರು:

ಆಪರೇಷನ್ಸ್ ಹುದ್ದೆಯವರಿಗೆ ಬರೆದು ಕೇಳಿದ. ಕೋರ್ಟ್ ಮೇಲೆ ಕೋಚಿಂಗ್ ಇಲ್ಲ ಎಂದು ಉತ್ತರ ಬಂದಿದೆ. ಡಿವಿಜನ್ 3 ಕಾಲೇಜಿನವರಿಗೆ 12 ತಿಂಗಳ ವಿಚಾರ ಕೇಳಿ ಮೇಲ್ ಹಾಕಿದ್ದಾನೆ, ಜೊತೆಗೆ ಎರಡು ಗ್ರ್ಯಾಜುಯೇಟ್ ಅಸಿಸ್ಟೆಂಟ್ ಹುದ್ದೆಗಳಿಗೂ ಅರ್ಜಿ ಸಿದ್ಧ ಮಾಡುತ್ತಿದ್ದಾನೆ. ಹುಡುಗರ ಪಟ್ಟಿಗೆ ಮೈಸೂರಿನ ಇಬ್ಬರ ಹೆಸರು ಬರೆದಿದ್ದಾನೆ, ಒಬ್ಬನ ಒಂಬತ್ತನೇ ತರಗತಿ ಅಂಕಪಟ್ಟಿಗಾಗಿ ನಾಳೆ ನಾನೇ ಅವನ ಶಾಲೆಗೆ ಹೋಗುತ್ತಿದ್ದೇನೆ.